ಕೋವಿಗೆ ಲೈಸೆನ್ಸ್ ಇದೆ, ಶಿಕಾರಿಗೆ?

ಭತ್ತ ತೆನೆಗಟ್ಟುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾಡುಹಂದಿ ಮತ್ತು ಕೋವಿಯ ಮಾತೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ಹೆಸರು ಬೇಡವೆಂದು ಹಲವರು ಕೋರಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದೆ.

ಪ್ರಶ್ನೆ: ನನ್ನ ಹತ್ತಿರ ಹನ್ನೆರಡು ಬೋರಿನ ಜೋಡುನಳಿಕೆ ಕೋವಿ ಇದೆ. ಲೈಸೆನ್ಸ್ ಚಾಲ್ತಿಯಲ್ಲಿದೆ. ಪುಸ್ತಕದಲ್ಲಿ ‘ರಕ್ಷಣೆ ಮತ್ತು ಕ್ರೀಡೆ’ ಎಂದು ಬರೆದಿದೆ. ಇದರ ಮೇಲೆ ಬೇಟೆಯ ಲೈಸೆನ್ಸ್ ಪಡೆಯಲು ಇನ್ನೇನು ಕಾಗದ ಕೊಡಬೇಕು?
— ಹೊಸನಗರ

ಉತ್ತರ: ಯಾವ ಕಾಗದ ಕೊಟ್ಟರೂ ಸಿಗುವುದಿಲ್ಲ, ಏಕೆಂದರೆ ಅಂಥ ಲೈಸೆನ್ಸೇ ಈಗ ಭಾರತದಲ್ಲಿ ಇಲ್ಲ. ಗೊಂದಲ ಹುಟ್ಟುವುದು ನೀವೇ ಬರೆದಿರುವ ‘ಕ್ರೀಡೆ’ ಎಂಬ ಪದದಿಂದ. ಆಯುಧ ಕಾಯ್ದೆ ಬಂದದ್ದು 1959ರಲ್ಲಿ. ಆಗ ಕ್ರೀಡೆ ಎಂದರೆ ಶಿಕಾರಿಯೂ ಸೇರಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆಯಲ್ಲೂ ಮೊದಲು ಬೇಟೆಗೆ ಬೇರೆ ಬೇರೆ ಲೈಸೆನ್ಸ್‌ಗಳಿದ್ದವು: ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆ ಹಾಕಿ ಹಿಡಿಯುವುದು, ಹೀಗೆ. 1991ರ ತಿದ್ದುಪಡಿ ಇವನ್ನೆಲ್ಲ ತೆಗೆದುಹಾಕಿತು. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಬೇಟೆ ಪರವಾನಗಿ ಸಿಕ್ಕರೆ ಅದು ನೆನಪಿಗೆ ಇಟ್ಟುಕೊಳ್ಳುವ ಕಾಗದ, ಅಷ್ಟೆ. ಕೋವಿಯ ಪುಸ್ತಕದಲ್ಲಿ ಮಾತ್ರ ‘ಕ್ರೀಡೆ’ ಎಂಬ ಮಾತು ಉಳಿದುಕೊಂಡಿದೆ. ಇವತ್ತು ಅದರ ಅರ್ಥ ಗುರಿ ಹೊಡೆಯುವ ಸ್ಪರ್ಧೆ, ರೈಫಲ್ ಕ್ಲಬ್ಬು, ಅಭ್ಯಾಸದ ಮೈದಾನ.

ನಿಮ್ಮ ಪುಸ್ತಕ ಕೊಟ್ಟವರು ಜಿಲ್ಲಾಧಿಕಾರಿ (ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು). ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿ. ಯಾವ ಪ್ರಾಣಿಯ ಮೇಲೆ ಅದನ್ನು ತಿರುಗಿಸಬಹುದು ಎಂಬುದು ಅರಣ್ಯ ಇಲಾಖೆಗೆ, ಅದರಲ್ಲೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸೇರಿದ್ದು. ಎರಡು ಕಾನೂನು, ಎರಡು ಕಚೇರಿ. ಒಂದರ ಕಾಗದ ಇನ್ನೊಂದರಲ್ಲಿ ನಡೆಯುವುದಿಲ್ಲ.

ಈಗ ಉಳಿದಿರುವ ಬಾಗಿಲು ಎರಡೇ. ಮೊದಲನೆಯದು ವನ್ಯಜೀವಿ ಕಾಯ್ದೆಯ ಸೆಕ್ಷನ್ 11: ಮನುಷ್ಯರ ಜೀವಕ್ಕೆ ಅಪಾಯ ತಂದ ಅಥವಾ ವಾಸಿಯಾಗದಷ್ಟು ಗಾಯಗೊಂಡ, ರೋಗ ಹಿಡಿದ ಪ್ರಾಣಿಯನ್ನು ಕೊಲ್ಲಲು ಲಿಖಿತ ಆದೇಶ. ಎರಡನೇ ಅನುಸೂಚಿಯ (ಕಾಯ್ದೆಯ ಕೊನೆಗೆ ಕೊಟ್ಟಿರುವ ಪ್ರಾಣಿಗಳ ಎರಡನೇ ಪಟ್ಟಿಯ) ಪ್ರಾಣಿಯಾದರೆ ಆಸ್ತಿಗೆ, ನಿಂತ ಬೆಳೆಗೆ ಆಗುವ ಹಾನಿಯೂ ಇದಕ್ಕೆ ಕಾರಣವಾಗಬಹುದು. ಇನ್ನೊಂದು ಸೆಕ್ಷನ್ 12: ಸಂಶೋಧನೆ, ಶಿಕ್ಷಣದಂಥ ವಿಶೇಷ ಉದ್ದೇಶಕ್ಕೆ. ಇದು ರೈತರಿಗೆ ಸಂಬಂಧಪಟ್ಟದ್ದಲ್ಲ.

ಬೇಟೆ ಎಂದರೆ ಕೊಂದರೆ ಮಾತ್ರ ಎಂದುಕೊಳ್ಳಬೇಡಿ. ಕಾಯ್ದೆಯ ವ್ಯಾಖ್ಯೆಯೊಳಗೆ ಉರುಳು ಹಾಕುವುದು, ವಿಷ ಇಡುವುದು, ಬಲೆ ಕಟ್ಟುವುದು, ಆಸೆ ತೋರಿಸಿ ಕರೆಯುವುದು, ಸೋವುವುದು (ಎಬ್ಬಿಸಿ ಓಡಿಸುವುದು), ಹಕ್ಕಿಯ ಮೊಟ್ಟೆ ತೆಗೆಯುವುದು ಎಲ್ಲವೂ ಇವೆ. ಇವುಗಳ ಪ್ರಯತ್ನವೂ ಬೇಟೆಯೇ. ಕಾಡಂಚಿನಲ್ಲಿ ಕೋವಿ ಹಿಡಿದು ಮರಸು ಕೂತವನು ಈಡು ಹೊಡೆಯದೆಯೂ ಸಿಕ್ಕಿಬೀಳಬಹುದು.

ಪ್ರಶ್ನೆ: ಮೂರು ವರ್ಷದಿಂದ ಗದ್ದೆ ಅರ್ಧ ಹಂದಿಗೇ ಹೋಗುತ್ತಿದೆ. ಅನುಮತಿ ತೆಗೆದುಕೊಂಡು ಹೊಡೆಯಬಹುದು ಎನ್ನುತ್ತಾರೆ. ಅರ್ಜಿ ಯಾರಿಗೆ, ಹೇಗೆ? ನನ್ನ ಹತ್ತಿರ ಬೆಳೆ ರಕ್ಷಣೆಯ ಕೇಪಿನ ಕೋವಿ (ನಳಿಕೆಯ ಬಾಯಿಂದ ಮದ್ದು ತುಂಬುವಂಥದ್ದು) ಇದೆ.
— ಕೊಪ್ಪ, ಇದೇ ಅರ್ಥದ ಪ್ರಶ್ನೆ ಸಕಲೇಶಪುರ, ಸಿದ್ದಾಪುರದಿಂದ

ಉತ್ತರ: ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ಆದ್ದರಿಂದ ನಿಂತ ಬೆಳೆ ಹಾಳು ಮಾಡುತ್ತದೆ ಎಂಬ ಕಾರಣಕ್ಕೆ ಸೆಕ್ಷನ್ 11ರ ಅಡಿ ಅನುಮತಿ ಕೇಳಬಹುದು. ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ. ನೀವು ಅರ್ಜಿ ಕೊಡುವ ಜಾಗ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿ. ಅಲ್ಲಿಂದ ಕಡತ ಮೇಲಕ್ಕೆ ಹೋಗುತ್ತದೆ.

ಅರ್ಜಿಯಲ್ಲಿ ‘ಹಂದಿ ಕಾಟ ವಿಪರೀತ’ ಎಂದು ಬರೆದರೆ ಪ್ರಯೋಜನವಿಲ್ಲ. ಸರ್ವೆ ನಂಬರ್, ವಿಸ್ತೀರ್ಣ, ಯಾವ ಬೆಳೆ, ಈಗ ಯಾವ ಹಂತ, ಹಂದಿ ನುಗ್ಗಿದ ದಿನಾಂಕಗಳು, ಯಾವ ಕಡೆಯಿಂದ ಬರುತ್ತವೆ, ಅಂದಾಜು ಎಷ್ಟು, ಇವಿಷ್ಟು ಇರಲಿ. ಜೊತೆಗೆ ಪಹಣಿ, ಹಾನಿಯ ಫೋಟೊಗಳು, ಹಿಂದೆ ಬೆಳೆ ಪರಿಹಾರಕ್ಕೆ ಕೊಟ್ಟ ಅರ್ಜಿಗಳ ಪ್ರತಿ, ಕೋವಿ ಲೈಸೆನ್ಸಿನ ಎಲ್ಲ ಪುಟಗಳ ನಕಲು. ಹೊಡೆಯುವವರು ಯಾರು, ಯಾವ ಕೋವಿಯಿಂದ ಎಂಬುದನ್ನೂ ನಮೂದಿಸಿ. ಕೋವಿಯ ನಂಬರ್ ಮತ್ತು ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ ಬಿಡಬೇಡಿ. ಕಾಯ್ದೆ ‘ಯಾವುದೇ ವ್ಯಕ್ತಿಗೆ’ ಅನುಮತಿ ಕೊಡಬಹುದು ಎನ್ನುವುದರಿಂದ ಜಮೀನಿನವರಿಗೆ ಕೋವಿ ಇಲ್ಲದಿದ್ದರೆ ಲೈಸೆನ್ಸ್ ಇರುವ ಅಕ್ಕಪಕ್ಕದವರ ಹೆಸರು ಕೊಡಬಹುದು. ಆದರೆ ಅವರ ಲೈಸೆನ್ಸ್ ಆ ಜಾಗಕ್ಕೆ ಊರ್ಜಿತವಾಗಿರಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಕೊಡುವಾಗ ಸಾಮಾನ್ಯವಾಗಿ ಗ್ರಾಮ ಅಥವಾ ಜಮೀನನ್ನು ಬರೆದಿರುತ್ತಾರೆ. ಪಕ್ಕದ ಊರಿಗೆ ಅದನ್ನು ಹೊತ್ತು ಹೋದರೆ ಷರತ್ತು ಮುರಿದಂತೆ.

ಅರ್ಜಿಗಳು ಬಿದ್ದುಹೋಗುವುದು ಬಹುಪಾಲು ಕೆಲವೇ ಕಾರಣಗಳಿಗೆ. ಜಮೀನು ದಾಖಲೆಯಲ್ಲಿ ಅರಣ್ಯವೆಂದೇ ಇರುತ್ತದೆ, ಒತ್ತುವರಿಯಾಗಿರುತ್ತದೆ. ಲೈಸೆನ್ಸ್ ನವೀಕರಣ ಆಗಿರುವುದಿಲ್ಲ. ಪಹಣಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗುವುದಿಲ್ಲ. ಅಪ್ಪನ ಹೆಸರಿನಲ್ಲೇ ಉಳಿದ ಪಹಣಿಗಳು ಮಲೆನಾಡಿನಲ್ಲಿ ಕಡಿಮೆಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ತಡ. ತೆನೆ ಹಾಲುಗಟ್ಟಿದ ಮೇಲೆ ಅರ್ಜಿ ಕೊಟ್ಟರೆ ಸ್ಥಳ ಪರಿಶೀಲನೆ ಮುಗಿದು ಆದೇಶ ಬರುವಷ್ಟರಲ್ಲಿ ಕಣ ಮಾಡಿ ಆಗಿರುತ್ತದೆ. ನಿಂತ ಬೆಳೆಯೇ ಇಲ್ಲದಾಗ ಕಾರಣವೂ ಇಲ್ಲ. ನಾಟಿ ಮುಗಿದ ಕೂಡಲೇ, ಹಿಂದಿನ ವರ್ಷಗಳ ಹಾನಿಯ ದಾಖಲೆಯ ಮೇಲೆ ಕೊಡಿ. ಹಾನಿಯಾದಾಗಲೆಲ್ಲ, ಸಿಗುವ ದುಡ್ಡು ಪುಡಿಗಾಸು ಎನಿಸಿದರೂ, ಅರಣ್ಯ ಇಲಾಖೆಯ ‘ಇ-ಪರಿಹಾರ’ ವ್ಯವಸ್ಥೆಯಲ್ಲಿ ಅರ್ಜಿ ಹಾಕಿಸಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ. ಆ ಅರ್ಜಿಗಳೇ ನಿಮ್ಮ ಸಾಕ್ಷಿ.

ಆದೇಶ ಕೈಗೆ ಬಂದ ಮೇಲೆ ಅದನ್ನು ಪೂರ್ತಿ ಓದಿ. ಯಾವ ಪ್ರಾಣಿ, ಯಾವ ಪ್ರದೇಶ, ಎಂದಿನವರೆಗೆ, ಯಾರು ಎಂಬುದು ಅದರಲ್ಲಿರುತ್ತದೆ. ಮರಿಗಳಿರುವ ಹಂದಿಯನ್ನು ಹೊಡೆಯಬಾರದು ಎಂಬಂಥ ಷರತ್ತುಗಳೂ ಇರಬಹುದು. ಬಾಯಿಮಾತಿನ ಅನುಮತಿಗೆ ಬೆಲೆಯಿಲ್ಲ. ‘ಗಾರ್ಡ್ ಹೇಳಿದ್ರು, ಹೊಡ್ಕೊಳ್ಳಿ ಅಂತ’ ಎಂಬುದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಕಾಯ್ದೆ ಕೇಳುವುದು ಕಾರಣ ಸಹಿತವಾದ ಲಿಖಿತ ಆದೇಶ. ಕೋವಿ ಹಿಡಿದು ಗದ್ದೆಗೆ ಇಳಿಯುವಾಗ ಆದೇಶದ ಪ್ರತಿಯೂ ಲೈಸೆನ್ಸೂ ಮೈಮೇಲಿರಲಿ. ಅಂದು ರಾತ್ರಿ ಕೂರುತ್ತೇವೆ ಎಂದು ವಲಯ ಕಚೇರಿಗೆ ಮೊದಲೇ ತಿಳಿಸಿ. ಇದರಿಂದ ಈಡಿನ ಸದ್ದಿಗೆ ಓಡಿಬರುವ ಸಿಬ್ಬಂದಿಗೂ ನಿಮಗೂ ಕತ್ತಲೆಯಲ್ಲಿ ಜಟಾಪಟಿ ತಪ್ಪುತ್ತದೆ.

ಗಾಯಗೊಂಡ ಹಂದಿ ಕಾಡು ಹೊಕ್ಕರೆ ಬೆನ್ನು ಹತ್ತಬೇಡಿ. ಬೇಲಿ ದಾಟಿದ ಕ್ಷಣಕ್ಕೆ ನಿಮ್ಮ ಆದೇಶದ ಪ್ರದೇಶ ಮುಗಿಯುತ್ತದೆ. ಮೀಸಲು ಅರಣ್ಯದಲ್ಲಿ ಕೋವಿಯೊಂದಿಗೆ ಸಿಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕರಣ ಬೇರೆ. ಜೊತೆಗೆ ಗಾಯಗೊಂಡ ಹಂದಿ ಹಳುವಿನಲ್ಲಿ ತಿರುಗಿ ನಿಂತರೆ ಕೋರೆಯಿಂದ ತೊಡೆ ಸೀಳುತ್ತದೆ. ಸಿಬ್ಬಂದಿಗೆ ತಿಳಿಸಿ, ಬೆಳಕು ಹರಿದ ಮೇಲೆ ಅವರೇ ಹುಡುಕಲಿ. ಖಾಲಿ ತೋಟೆಗಳನ್ನು ಎಸೆಯದೆ ಇಟ್ಟುಕೊಳ್ಳಿ. ಎಷ್ಟು ಕೊಂಡಿರಿ, ಎಷ್ಟು ಉಳಿದಿದೆ ಎಂಬ ಲೆಕ್ಕ ಕೇಳಿದಾಗ ಅವು ಬೇಕಾಗುತ್ತವೆ.

ಪ್ರಶ್ನೆ: ಅನುಮತಿ ಪಡೆದೇ ಹೊಡೆದ ಹಂದಿಯನ್ನು ಊರಲ್ಲಿ ಪಾಲು ಹಾಕಿಕೊಳ್ಳಬಹುದಲ್ಲ?
— ಸಕಲೇಶಪುರ

ಉತ್ತರ: ಇಲ್ಲ. ಸೆಕ್ಷನ್ 11ರ ಅಡಿ ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು ಎಂದು ಸೆಕ್ಷನ್ 39 ಹೇಳುತ್ತದೆ. ಸತ್ತು ಬಿದ್ದಿದ್ದು ಸಿಕ್ಕಿದರೂ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತರೂ ಹಾಗೆಯೇ. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಿ ಒಪ್ಪಿಸಬೇಕು. ಅನುಮತಿ ಇದ್ದವರೂ ಪ್ರಕರಣಕ್ಕೆ ಸಿಲುಕುವುದು ಈ ಪಾಲಿನ ಹಂತದಲ್ಲಿ. ತಿಂದವರು, ಕೊಂಡವರು, ಫ್ರಿಜ್ಜಿನಲ್ಲಿ ಇಟ್ಟುಕೊಟ್ಟವರು ಎಲ್ಲರೂ ಆರೋಪಿಗಳ ಸಾಲಿಗೆ ಬರುತ್ತಾರೆ.

ಪ್ರಶ್ನೆ: ಕಾಡುಹಂದಿಯನ್ನು ಕೇಂದ್ರ ಸರ್ಕಾರ ‘ಉಪದ್ರವಕಾರಿ’ ಎಂದು ಘೋಷಿಸಿದೆ, ಇನ್ನು ಅನುಮತಿಯೇ ಬೇಡ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವೇ?
— ಯಲ್ಲಾಪುರ

ಉತ್ತರ: ಹಳೆಯ, ಬೇರೆ ರಾಜ್ಯದ ಸುದ್ದಿ ತಿರುಗಾಡುತ್ತಿದೆ. ಸೆಕ್ಷನ್ 62ರ ಅಡಿ ಕೇಂದ್ರ ಸರ್ಕಾರ ಒಂದು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಹೀಗೆ ಘೋಷಿಸಬಹುದು. 2015ರ ಕೊನೆಯಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲ ಪ್ರದೇಶದಲ್ಲಿ ರೀಸಸ್ ಮಂಗ ಹೀಗೆ ಪಟ್ಟಿಗೆ ಬಂದವು. ಅವಧಿ ಮುಗಿದರೆ ರಕ್ಷಣೆ ಮತ್ತೆ ಜಾರಿಗೆ ಬರುತ್ತದೆ. ಆ ಅಧಿಸೂಚನೆಗಳಲ್ಲಿ ಕರ್ನಾಟಕ ಇರಲಿಲ್ಲ. ಹಳೆಯ ಐದನೇ ಅನುಸೂಚಿಯನ್ನು (ಕಾಗೆ, ಇಲಿ, ಹಣ್ಣುಬಾವಲಿ ಇದ್ದ ಪಟ್ಟಿ) 2022ರ ತಿದ್ದುಪಡಿ ತೆಗೆದುಹಾಕಿತು. ಅದರಲ್ಲೂ ಹಂದಿ ಇರಲಿಲ್ಲ.

ಪ್ರಶ್ನೆ: ಕೊಟ್ಟಿಗೆಗೆ ಚಿರತೆ ನುಗ್ಗಿ ಕರು ಹಿಡಿದರೆ ಕೋವಿ ಇರುವವನು ಸುಮ್ಮನೆ ನೋಡುತ್ತಾ ನಿಲ್ಲಬೇಕೆ? ಆತ್ಮರಕ್ಷಣೆಗೆ ಹೊಡೆದರೆ ತಪ್ಪಿಲ್ಲವಂತೆ.
— ತಿಪಟೂರು

ಉತ್ತರ: ಆತ್ಮರಕ್ಷಣೆಯ ಮಾತು ಸರಿ, ಆದರೆ ಅದರ ಅಳತೆ ನೋಡಿ. ಸೆಕ್ಷನ್ 11ರ ಎರಡನೇ ಉಪವಿಧಿ ಹೇಳುವುದು ‘ತನ್ನನ್ನು ಅಥವಾ ಬೇರೊಬ್ಬ ವ್ಯಕ್ತಿಯನ್ನು’ ಉಳಿಸಿಕೊಳ್ಳಲು ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ ಎಂದು. ವ್ಯಕ್ತಿ ಎಂದರೆ ಮನುಷ್ಯ. ಕರು, ನಾಯಿ, ಕೋಳಿ ಇದರೊಳಗೆ ಬರುವುದಿಲ್ಲ. ಚಿರತೆ ಮೊದಲನೇ ಅನುಸೂಚಿಯ ಪ್ರಾಣಿ, ಆಸ್ತಿಹಾನಿಯ ಕಾರಣಕ್ಕೆ ಅದನ್ನು ಹೊಡೆಯಲು ಅನುಮತಿಯೂ ಸಿಗುವುದಿಲ್ಲ. ಮನುಷ್ಯರ ಮೇಲೆ ಬಿದ್ದ ಚಿರತೆಯನ್ನೂ ಹಿಡಿಯಲು, ಅರಿವಳಿಕೆ ಕೊಡಲು, ಸ್ಥಳಾಂತರಿಸಲು ಆಗದು ಎಂದು ಖಾತ್ರಿಯಾದ ಮೇಲಷ್ಟೇ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲುವ ಆದೇಶ ಕೊಡಬಹುದು.

ಇನ್ನೊಂದು ಷರತ್ತಿದೆ: ಆ ಹೊತ್ತಿನಲ್ಲಿ ನೀವು ಕಾಯ್ದೆ ಮುರಿಯುವ ಕೆಲಸದಲ್ಲಿ ಇರಬಾರದು. ಹಂದಿಗೆಂದು ಕಾಡಿನಲ್ಲಿ ಕೂತವನ ಮೇಲೆ ಕರಡಿ ಬಿತ್ತು, ಅವನು ಹೊಡೆದ ಎಂದರೆ ಆ ರಕ್ಷಣೆ ಅವನಿಗಿಲ್ಲ. ನಿಜಕ್ಕೂ ಆತ್ಮರಕ್ಷಣೆಗೇ ಹೊಡೆದದ್ದಾದರೆ ಹೆಣವನ್ನು ಅಲುಗಿಸಬೇಡಿ, ಕೋವಿಯನ್ನು ತೊಳೆಯಬೇಡಿ, ಕೂಡಲೇ ಅರಣ್ಯ ಇಲಾಖೆಗೂ ಠಾಣೆಗೂ ತಿಳಿಸಿ. ಗುಂಡು ಎಷ್ಟು ದೂರದಿಂದ, ಯಾವ ದಿಕ್ಕಿನಿಂದ ಬಿತ್ತು ಎಂಬುದೇ ನಿಮ್ಮ ಮಾತನ್ನು ನಿಜ ಮಾಡುವ ಸಾಕ್ಷಿ. ಮೈಮೇಲೆ ಬಂತು ಎಂದು ಹೇಳಿ, ಪ್ರಾಣಿಯ ಹಿಂಬದಿಯಲ್ಲಿ ಚರೆ ಹೊಕ್ಕಿದ್ದರೆ ಯಾರೂ ನಂಬುವುದಿಲ್ಲ.

ಕರು ಸತ್ತರೆ ಪರಿಹಾರವಿದೆ. ಪಶುವೈದ್ಯರು ನೋಡುವವರೆಗೆ ಕಳೇಬರ ಅಲ್ಲೇ ಇರಲಿ. ಅದಕ್ಕೆ ವಿಷ ಹಾಕುವ ಯೋಚನೆ ಬೇಡ: ಅದೂ ಬೇಟೆಯೇ, ಸಾಯುವುದು ಚಿರತೆಯೊಂದೇ ಅಲ್ಲ.

ಪ್ರಶ್ನೆ: ನನ್ನ ಕೋವಿಯನ್ನು ಒಂದು ರಾತ್ರಿಗೆ ತಮ್ಮನಿಗೆ ಕೊಟ್ಟರೆ? ಅವನು ನನಗಿಂತ ಗುರಿಕಾರ.
— ಬೇಲೂರು

ಉತ್ತರ: ಕೊಡುವಂತಿಲ್ಲ. ಲೈಸೆನ್ಸ್ ಇಲ್ಲದವನು ನಿಮ್ಮ ಕೋವಿಯನ್ನು ಹೊರಬಹುದಾದದ್ದು ನಿಮ್ಮ ಎದುರಿನಲ್ಲಿ ಅಥವಾ ನಿಮ್ಮ ಲಿಖಿತ ಅಧಿಕಾರದಲ್ಲಿ, ಅದೂ ದುರಸ್ತಿಗೆ, ನವೀಕರಣಕ್ಕೆ ಅಥವಾ ನೀವು ಬಳಸುವುದಕ್ಕಾಗಿ ಮಾತ್ರ. ಅವನೇ ಹೊಡೆಯುವಂತಿಲ್ಲ. ನಿಮಗೆ ವಯಸ್ಸಾಗಿದ್ದರೆ ಸರಿಯಾದ ದಾರಿ ಬೇರೆ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ (ಯಾವುದು ಮೊದಲೋ ಅದು) ಬದುಕಿರುವಾಗಲೇ ಕಾನೂನುಬದ್ಧ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಕೇಳುವವರಿಗೆ 21 ತುಂಬಿರಬೇಕು, ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿ ಇವೆಲ್ಲ ಹೊಸ ಅರ್ಜಿಯಂತೆಯೇ. ಕೋವಿಯ ಯಜಮಾನರು ತೀರಿಕೊಂಡರೆ ಕೋವಿ ಮನೆಯಲ್ಲಿ ಉಳಿಯಬಾರದು. ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಟ್ಟು ರಸೀದಿ ಪಡೆದು ಆಮೇಲೆ ಅರ್ಜಿ ಹಾಕಿ. ತಿಥಿ ಕಳೆಯಲಿ, ವರ್ಷಾಂತ ಆಗಲಿ ಎಂದು ಅಟ್ಟದಲ್ಲಿಟ್ಟ ಕೋವಿ ಆ ದಿನಗಳಲ್ಲೆಲ್ಲ ಲೈಸೆನ್ಸ್ ಇಲ್ಲದ ಕೋವಿಯೇ.

ಪ್ರಶ್ನೆ: ನಮ್ಮದು ಕೊಡವ ಕುಟುಂಬ. ಕೋವಿಗೆ ಲೈಸೆನ್ಸೇ ಬೇಡ ಎಂಬ ವಿನಾಯಿತಿ ಇದೆ. ಅಂದ ಮೇಲೆ ತೋಟಕ್ಕೆ ಬಂದ ಹಂದಿಗೆ ಅನುಮತಿ ಯಾಕೆ?
— ವಿರಾಜಪೇಟೆ

ಉತ್ತರ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಆಯುಧ ಕಾಯ್ದೆಯ ಸೆಕ್ಷನ್ 41ರ ಅಡಿ ಬಂದದ್ದು. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿದೆ. ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿ ಅದು. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡುವುದಕ್ಕೂ ತೋಟದ ಹಂದಿಗೆ ಗುರಿ ಇಡುವುದಕ್ಕೂ ನಡುವೆ ವನ್ಯಜೀವಿ ಕಾಯ್ದೆ ನಿಂತಿದೆ. ಆ ಕಾಯ್ದೆಯಲ್ಲಿ ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳನ್ನು ಬಿಟ್ಟರೆ ಯಾವ ಸಮುದಾಯಕ್ಕೂ ಬೇಟೆಯ ವಿನಾಯಿತಿ ಕೊಟ್ಟಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಇಷ್ಟೂ ಸುತ್ತುವರಿದಿರುವ ನಿಮ್ಮ ಜಿಲ್ಲೆಯವರು ಮುಂದಿನ ಉತ್ತರವನ್ನೂ ಓದಿಕೊಳ್ಳಿ.

ಪ್ರಶ್ನೆ: ಅಭಯಾರಣ್ಯದಿಂದ ನಮ್ಮ ಊರು ಆರೇಳು ಕಿಲೋಮೀಟರ್. ಹೊಸ ಲೈಸೆನ್ಸ್ ಅರ್ಜಿ ತಿಂಗಳುಗಟ್ಟಲೆ ಅರಣ್ಯ ಇಲಾಖೆಯಲ್ಲಿ ನಿಂತಿದೆ. ಕೋವಿಗೂ ಅವರಿಗೂ ಏನು ಸಂಬಂಧ?
— ನರಸಿಂಹರಾಜಪುರ

ಉತ್ತರ: ಸೆಕ್ಷನ್ 34. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗಿನವರಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಕೋವಿ ಲೈಸೆನ್ಸ್ ಕೊಡುವಂತಿಲ್ಲ. ಅಭಯಾರಣ್ಯ ಘೋಷಣೆಯಾದಾಗ ಅಲ್ಲಿ ಈಗಾಗಲೇ ಕೋವಿ ಇದ್ದವರು (ವಿನಾಯಿತಿ ಇರುವವರೂ ಸೇರಿ) ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿಕೊಳ್ಳಬೇಕು. 2022ರ ತಿದ್ದುಪಡಿಯಿಂದ ನವೀಕರಣವನ್ನೂ ಅರಣ್ಯ ಇಲಾಖೆಯ ಗಮನಕ್ಕೆ ತಂದೇ ಮಾಡಬೇಕು. ಆದ್ದರಿಂದ ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಅರ್ಜಿ ಹಾಕಿ ಸ್ವೀಕೃತಿ ಪಡೆಯಿರಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಹಾಗಾಗಿ ಮರೆಯುವುದೂ ಸುಲಭ. ಅದೇ ತಿದ್ದುಪಡಿ ಒಬ್ಬರಿಗೆ ಗರಿಷ್ಠ ಎರಡೇ ಕೋವಿ ಎಂದು ಮಿತಿ ಹಾಕಿತು. ಮೊದಲು ಮೂರಿತ್ತು.

ಕೋವಿಯೊಂದಿಗೆ ಅಭಯಾರಣ್ಯದ ಒಳಗೆ ಹೋಗಲು ಲಿಖಿತ ಪೂರ್ವಾನುಮತಿ ಬೇಕು. ಒಳಗೆ ಹಾದುಹೋಗುವ ರಸ್ತೆಯಲ್ಲೇ ನಿಮ್ಮ ಊರಿದ್ದರೂ ಈ ಮಾತನ್ನು ಚೆಕ್‌ಪೋಸ್ಟಿನಲ್ಲಿ ತಿಳಿಯುವುದಕ್ಕಿಂತ ಮೊದಲೇ ಬಗೆಹರಿಸಿಕೊಳ್ಳಿ.

ಪ್ರಶ್ನೆ: ಏರ್‌ಗನ್‌ಗೆ ಲೈಸೆನ್ಸ್ ಬೇಡ. ಹಾಗಾದರೆ ಮೊಲ, ಹಕ್ಕಿ ಹೊಡೆದರೆ?
— ಚಿತ್ರದುರ್ಗ

ಉತ್ತರ: 0.177 ಇಂಚಿನ ಒಳಗಿನ, 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂಬುದು ನಿಜ. ಬೇಟೆಯ ವ್ಯಾಖ್ಯೆ ಆಯುಧ ಯಾವುದೆಂದು ಕೇಳುವುದಿಲ್ಲ, ಕವಣೆ ಕಲ್ಲಾದರೂ ಅಷ್ಟೆ. ಮೊಲ ಎರಡನೇ ಅನುಸೂಚಿಯಲ್ಲಿದೆ: ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನವಿಲು ಮೊದಲನೇ ಅನುಸೂಚಿ: ಕನಿಷ್ಠ ಮೂರು ವರ್ಷ, ಏಳರವರೆಗೆ ಸಜೆ, ಕನಿಷ್ಠ 25,000 ರೂಪಾಯಿ ದಂಡ. ಅಭಯಾರಣ್ಯದೊಳಗೆ ಮೊಲವನ್ನೇ ಹೊಡೆದರೂ ಈ ದೊಡ್ಡ ಶಿಕ್ಷೆಯೇ. ಲೈಸೆನ್ಸಿನ ಕೋವಿ ಬಳಸಿ ತಪ್ಪಿತಸ್ಥರಾದರೆ ನ್ಯಾಯಾಲಯ ಆ ಲೈಸೆನ್ಸ್ ರದ್ದು ಮಾಡಿಸಿ ಐದು ವರ್ಷ ಹೊಸದು ಸಿಗದಂತೆ ಮಾಡಬಹುದು. ವಶಪಡಿಸಿಕೊಂಡ ಕೋವಿ, ವಾಹನ ಸರ್ಕಾರಕ್ಕೆ ಹೋಗುತ್ತವೆ.

ಪ್ರಶ್ನೆ: ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಕೆ ಕೋವಿ, ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ. ಈಗ ಅಂಗಡಿಯಲ್ಲಿ ಸಿಗುವ ತೋಟೆ ಹಾಕಬಹುದೇ? ಕೇಪಿನ ಕೋವಿ ಸಿಡಿಯದಿದ್ದರೆ ಏನು ಮಾಡಬೇಕು?
— ಮೂಡಿಗೆರೆ

ಉತ್ತರ: ಅನುಮತಿ ಪತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹಳೆಯ ಹನ್ನೆರಡು ಬೋರಿನ ಕೋವಿಗಳಲ್ಲಿ ಹಲವಕ್ಕೆ ತೋಟೆ ಕೂರುವ ಗೂಡು 65 ಮಿಲಿಮೀಟರ್ ಉದ್ದ, ಅಂದರೆ ಎರಡೂವರೆ ಇಂಚು. ಇಂದಿನ ತೋಟೆ ಹೆಚ್ಚಾಗಿ 70 ಮಿಲಿಮೀಟರಿನದು. ಮೋಸ ಎಲ್ಲಿದೆ ಎಂದರೆ, 70ರ ತೋಟೆ 65ರ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ. ತೋಟೆಯ ಮೇಲೆ ಬರೆದ ಉದ್ದ ಅದು ಸಿಡಿದು ಬಾಯಿ ಬಿಚ್ಚಿಕೊಂಡಾಗಿನ ಉದ್ದ. ತುಂಬಿದಾಗ ಬಾಯಿ ಮಡಚಿರುವುದರಿಂದ ಗಿಡ್ಡ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಗೂಡಿನಲ್ಲಿ ಜಾಗ ಸಾಲದೆ ನಳಿಕೆಯೊಳಕ್ಕೆ ಚಾಚುತ್ತದೆ, ಚರೆಗೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಒಂದೆರಡು ಸಲ ಏನೂ ಆಗದೆ ಇರಬಹುದು, ಒಂದು ದಿನ ನಳಿಕೆ ಸೀಳುತ್ತದೆ. ನಳಿಕೆಗಳನ್ನು ಬಿಚ್ಚಿ ಕೆಳಗಿನ ಚಪ್ಪಟೆ ಭಾಗದಲ್ಲಿರುವ ಪರೀಕ್ಷಾ ಮುದ್ರೆಗಳನ್ನು ಲೈಸೆನ್ಸ್ ಇರುವ ಕೋವಿ ದುರಸ್ತಿಗಾರರಿಗೆ ತೋರಿಸಿ, ಗೂಡಿನ ಉದ್ದ ಅಳೆಸಿ. ನಳಿಕೆಯ ಮೇಲೆ ಹಾವಿನ ಮೈಯಂಥ ಸುಳಿ ಸುಳಿ ಗೆರೆ ಇದ್ದರೆ ಅದು ಡಮಾಸ್ಕಸ್ ನಳಿಕೆ: ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದು. ಬೆಸುಗೆಯ ಒಳಗೆ ತುಕ್ಕು ಹಿಡಿದಿದ್ದರೆ ಹೊರಗೆ ಕಾಣುವುದಿಲ್ಲ. ಗೋಡೆಯ ಮೇಲೆ ಚಂದ, ಹೆಗಲ ಮೇಲೆ ಬೇಡ.

ಕೇಪಿನ ಕೋವಿಯಲ್ಲಿ ಕೇಪು ಹೊಡೆದು ಮದ್ದು ಹತ್ತದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಒದ್ದೆ ಮದ್ದು ನಿಧಾನಕ್ಕೆ ಹೊಗೆಯಾಡಿ ತಡವಾಗಿ ಸಿಡಿಯುವುದುಂಟು. ಬಾಯಿಯಲ್ಲಿ ಇಣುಕಿ ನೋಡಿದವರಿಗೆ ಅನಾಹುತವಾಗುವುದು ಆ ಕ್ಷಣದಲ್ಲೇ. ಇನ್ನೊಂದು ಸಾಮಾನ್ಯ ತಪ್ಪು, ಕಳೆದ ವರ್ಷ ತುಂಬಿಟ್ಟದ್ದು ಮರೆತು ಮತ್ತೆ ತುಂಬುವುದು. ಗಜವನ್ನು (ಮದ್ದು ಒತ್ತುವ ಕೋಲನ್ನು) ಖಾಲಿ ನಳಿಕೆಯೊಳಗೆ ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆದಿಡಿ. ಮುಂದೆ ಗೆರೆ ಮೇಲೆ ನಿಂತರೆ ಒಳಗೆ ಏನೋ ಇದೆ: ಹಳೆಯ ಮದ್ದು, ಇಲ್ಲವೇ ಕುಂಬಾರ ಹುಳದ ಮಣ್ಣಿನ ಗೂಡು. ಎರಡೂ ನಳಿಕೆ ಒಡೆಯಲು ಸಾಕು. ತೋಟೆಯೊಳಗಿನ ಹೊಗೆರಹಿತ ಮದ್ದನ್ನು ತೆಗೆದು ಕೇಪಿನ ಕೋವಿಗೆ ತುಂಬುವುದು ಇನ್ನೂ ಕೆಟ್ಟದ್ದು, ಅದರ ಒತ್ತಡ ತಾಳಲು ಆ ನಳಿಕೆ ಮಾಡಿದ್ದಲ್ಲ.

ಪ್ರಶ್ನೆ: ಕೋವಿ ಬೇಡ, ಬೇಲಿಗೆ ಕರೆಂಟ್ ಕೊಟ್ಟರೆ ಮುಗಿಯಿತಲ್ಲ?
— ಹೆಗ್ಗಡದೇವನಕೋಟೆ

ಉತ್ತರ: ಮುಗಿಯುವುದು ಬೇಲಿ ಮುಟ್ಟಿದವರ ಜೀವ. ಮನೆಯ 230 ವೋಲ್ಟ್ ಲೈನ್ ಎಡೆಬಿಡದೆ ಹರಿಯುತ್ತದೆ, ಹಿಡಿದವನನ್ನು ಬಿಡುವುದಿಲ್ಲ. ಸೋಲಾರ್ ಬೇಲಿಯ ಯಂತ್ರ ಸಾವಿರಾರು ವೋಲ್ಟನ್ನು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಿಡುತ್ತದೆ. ನೋವಾಗುತ್ತದೆ, ಬಿಡಿಸಿಕೊಂಡು ಓಡಲು ಸಮಯ ಸಿಗುತ್ತದೆ. ಹಂದಿಗಾದರೆ ಕೆಳಗಿನ ತಂತಿ ನೆಲದಿಂದ ಒಂದು ಗೇಣು ಮೀರಬಾರದು. ಹುಲ್ಲು ತಾಗಿ ಕರೆಂಟ್ ಸೋರದಂತೆ ವಾರಕ್ಕೊಮ್ಮೆ ಸವರಬೇಕು. ಬೇಲಿ ಕೆಲಸ ಮಾಡುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಈ ಹುಲ್ಲು, ಆಮೇಲೆ ಅರ್ಥಿಂಗ್.

ಪ್ರಶ್ನೆ: ಮಗ ಕೆನಡಾದ ಒಂಟಾರಿಯೊದಲ್ಲಿದ್ದಾನೆ. ಅಲ್ಲಿ ಕೋವಿ ಲೈಸೆನ್ಸ್ ಮಾಡಿಸಿದ್ದಾನೆ. ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗಲು ಅಷ್ಟು ಸಾಕೆ?
— ಶಿವಮೊಗ್ಗ

ಉತ್ತರ: ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ, ಆದರೆ ಅಲ್ಲಿಯೂ ಅದು ಬೇರೆಯೇ ಕಾಗದ. ಮಗನ ಹತ್ತಿರ ಇರುವ ಪಿಎಎಲ್ ಕಾರ್ಡ್ ಕೇಂದ್ರ ಸರ್ಕಾರದ್ದು, ಐದು ವರ್ಷದ್ದು, ಬಂದೂಕು ಹೊಂದಲು ಮಾತ್ರ. ಬೇಟೆ ಪ್ರಾಂತ್ಯಕ್ಕೆ ಸೇರಿದ್ದು. ಬಂದೂಕು ಸುರಕ್ಷತೆಯ ಕೋರ್ಸನ್ನು ಮತ್ತೆ ಮಾಡಬೇಕಿಲ್ಲ. ಆದರೆ ಪ್ರಾಂತ್ಯದ ಬೇಟೆಗಾರರ ಶಿಕ್ಷಣ ಕೋರ್ಸು ಮಾಡಿ ಪರೀಕ್ಷೆ ಪಾಸಾಗಬೇಕು. ಆಮೇಲೆ ಮೂರು ವರ್ಷದ ‘ಔಟ್‌ಡೋರ್ಸ್ ಕಾರ್ಡ್’. ಅದರ ಮೇಲೆ ಜಿಂಕೆಯ ಲೈಸೆನ್ಸ್ ಮತ್ತು ಟ್ಯಾಗ್. ಬಾತುಕೋಳಿಯಂಥ ವಲಸೆ ಹಕ್ಕಿಗೆ ಮತ್ತೆ ಕೇಂದ್ರದ ಬೇರೆ ಪರ್ಮಿಟ್. ನಿವಾಸಿಗಳ ದರದಲ್ಲಿ ಲೈಸೆನ್ಸ್ ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತತ ಆರು ತಿಂಗಳು ಅಲ್ಲಿ ವಾಸವಿರಬೇಕು.

ಹೊಸಬರು ಎಡವುವ ಎರಡು ಜಾಗ ಹೇಳಿಬಿಡಿ. ಬಂದೂಕಿನ ಜಿಂಕೆ ಹಂಗಾಮಿನಲ್ಲಿ ಹೊಳೆಯುವ ಕಿತ್ತಳೆ ಬಣ್ಣದ ಉಡುಪು, ಟೊಪ್ಪಿ ಕಡ್ಡಾಯ. ಸೊಂಟದ ಮೇಲೆ ಕನಿಷ್ಠ 400 ಚದರ ಇಂಚು ಕಾಣಬೇಕು. ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಹುಟ್ಟುವ ಅರ್ಧ ಗಂಟೆ ಮೊದಲಿನವರೆಗೆ ಬಂದೂಕು ಖಾಲಿಯಾಗಿ ಚೀಲದೊಳಗಿರಬೇಕು. ಇನ್ನು, ಊರಿಗೆ ಬರುವಾಗ ಕೊಂಬು, ಚರ್ಮ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬಾರದು.

ಪ್ರಶ್ನೆ: ನಮ್ಮ ಹಜಾರದಲ್ಲಿ ಅಜ್ಜ ಹೊಡೆದ ಕಾಟಿಯ ಕೊಂಬಿದೆ, ಮಾಲೀಕತ್ವದ ಪ್ರಮಾಣಪತ್ರವೂ ಇದೆ. ಅಪ್ಪ ಈಚೆಗೆ ತೀರಿಕೊಂಡರು. ಏನಾದರೂ ಮಾಡಬೇಕೆ?
— ತೀರ್ಥಹಳ್ಳಿ

ಉತ್ತರ: ಮಾಡಬೇಕು, ಅದಕ್ಕೆ ದಿನದ ಲೆಕ್ಕವೂ ಇದೆ. ವಾರಸಿನಿಂದ ಬಂದ 90 ದಿನದೊಳಗೆ ನಿಮ್ಮ ಹೆಸರಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಿ. ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಪ್ರಮಾಣಪತ್ರದ ನಕಲು, ಕೊಂಬಿನ ಅಳತೆ ಮತ್ತು ಫೋಟೊ ಜೊತೆಗಿರಲಿ. ಮಾರುವಂತಿಲ್ಲ. ಇಟ್ಟುಕೊಳ್ಳಲು ಇಷ್ಟವಿಲ್ಲದಿದ್ದರೆ ಏಳು ಕೆಲಸದ ದಿನಗಳ ನೋಟಿಸ್ ಕೊಟ್ಟು ಒಪ್ಪಿಸಬಹುದು, ಅದಕ್ಕೆ ಹಣವೇನೂ ಸಿಗುವುದಿಲ್ಲ. ಪ್ರಮಾಣಪತ್ರ ಪೆಟ್ಟಿಗೆಯ ತಳದಲ್ಲಿ ಬೇಡ. ನಕಲೊಂದನ್ನು ಕೊಂಬಿನ ಹಲಗೆಯ ಹಿಂದೆಯೇ ಅಂಟಿಸಿಡಿ, ಮನೆ ಪಾಲಾದಾಗ ಕೊಂಬು ಒಬ್ಬರಿಗೆ ಕಾಗದ ಇನ್ನೊಬ್ಬರಿಗೆ ಹೋಗುವುದು ತಪ್ಪುತ್ತದೆ.